ಅಡಿಕೆಗೆ ಹೋದ ಮಾನ

ಶೃಂಗೇರಿಯಿಂದ ಕಿಗ್ಗದ ದಾರಿ ಹಿಡಿದವರು ಮೊದಲು ಋಷ್ಯಶೃಂಗೇಶ್ವರನ ದರ್ಶನ ಪಡೆದು, ಅನಂತರ ಮುಂದಿನ ಗುಡ್ಡಗಾಡಿನ ಹಾದಿಯಲ್ಲಿ ಸಿರಿಮನೆಯ ಜಲಪಾತಕ್ಕೆ ತೆರಳುವುದು ವಾಡಿಕೆ. ಕಿಗ್ಗದ ದೇವರಿಗೆ ಒಂದು ವಿಶೇಷವುಂಟು. ಮಳೆ ಬಾರದೆ ನೆಲ ಬಿರಿದಾಗ ಮಳೆ ಕೊಡೆಂದು ಬೇಡುವ ಭಕ್ತರೂ, ಮಳೆ ಹೆಚ್ಚಿ ಹೊಳೆ ಉಕ್ಕಿದಾಗ ಮಳೆ ನಿಲ್ಲಿಸೆಂದು ಬೇಡುವ ಭಕ್ತರೂ ಬರುವುದು ಇದೇ ಸನ್ನಿಧಿಗೆ. ಬೇಡಿಕೆಗಳು ಪರಸ್ಪರ ವಿರುದ್ಧ. ಆದರೂ ದೇವರ ಮುಂದೆ ಎರಡಕ್ಕೂ ಎಡೆಯುಂಟು. ದೇವರು ದೊಡ್ಡವನು, ಎರಡನ್ನೂ ನಡೆಸಿಕೊಟ್ಟಾನು.

ಆ ಸೀಮೆಯ ಅಡಿಕೆ ಬೆಳೆಗಾರರು ಈಗ ಇಂಥವೇ ಎರಡು ಬೇಡಿಕೆಗಳನ್ನು ಮತ್ತೊಂದು ಸನ್ನಿಧಿಯಲ್ಲಿ ಇಟ್ಟಿದ್ದಾರೆ. ಆ ಸನ್ನಿಧಿ ವಿಶ್ವವಿದ್ಯಾಲಯ. ತೋಟಗಳನ್ನು ತಿನ್ನುತ್ತಿರುವ ರೋಗದ ಬೇರನ್ನು ಹುಡುಕಿ ಮದ್ದು ಹೇಳಿರಿ ಎಂಬುದು ಮೊದಲನೆಯದು. ಅಡಿಕೆ ತಿಂದರೆ ಕ್ಯಾನ್ಸರ್ ಬರುವುದಿಲ್ಲವೆಂದು ಸಾಧಿಸಿ ಕೊಡಿರಿ ಎಂಬುದು ಎರಡನೆಯದು. ಮೊದಲನೆಯ ಬೇಡಿಕೆಯಲ್ಲಿ ಉತ್ತರವೇನೆಂಬುದು ಕೇಳುವವನಿಗೆ ತಿಳಿಯದು. ತಿಳಿಯದೆಂದೇ ಅವನು ಕೇಳುತ್ತಾನೆ. ಎರಡನೆಯದರಲ್ಲಿ ಉತ್ತರವನ್ನು ಮೊದಲೇ ಬರೆದಿಟ್ಟು, ಅದರ ಕೆಳಗೆ ವಿದ್ವಾಂಸನ ರುಜುವನ್ನು ಮಾತ್ರ ಕೇಳಲಾಗಿದೆ. ಒಂದೇ ವಿದ್ಯೆ ಈ ಎರಡನ್ನೂ ನಡೆಸಿಕೊಡಬಲ್ಲುದೆ?

ವಿಶ್ವವಿದ್ಯಾಲಯದ ಸಂಶೋಧನೆಯ ಮೇಲೆ ವಾಣಿಜ್ಯದ ಪ್ರಭಾವ ಎಂದೊಡನೆ ಸಾಮಾನ್ಯವಾಗಿ ಕಣ್ಣ ಮುಂದೆ ನಿಲ್ಲುವುದು ಯಾವುದೋ ಪರದೇಶದ ದೊಡ್ಡ ಕಂಪನಿ, ಅದರ ಕೋಟು ತೊಟ್ಟ ಪ್ರತಿನಿಧಿ, ಅವನ ಚರ್ಮದ ಪೆಟ್ಟಿಗೆ. ಅಂಥ ಚಿತ್ರವನ್ನು ಖಂಡಿಸುವುದು ಬಹು ಸುಲಭ. ಆದರೆ ಹಣ ಕೊಡುವ ಕೈ ಮನೆಯ ಹಿರಿಯರ ಕೈಯೇ ಆಗಿದ್ದರೆ? ಮಕ್ಕಳ ಓದು, ಮದುವೆ, ಮನೆಯ ಹೆಂಚು, ದೇವರ ದೀಪ ಎಲ್ಲವೂ ಯಾವ ಬೆಳೆಯಿಂದ ನಡೆದುಬಂದಿದೆಯೋ ಆ ಬೆಳೆಯೇ ಸಾಕ್ಷಿ ಕೇಳಿದರೆ? ನೀತಿಯ ನಿಜವಾದ ಪರೀಕ್ಷೆ ಅಲ್ಲಿ ಮೊದಲಾಗುತ್ತದೆ.

ಮೊದಲು ರೋಗದ ಮಾತು. ಹಳದಿ ಎಲೆ ರೋಗದ ಹೆಸರಿನೊಡನೆ ಶೃಂಗೇರಿ, ಕೊಪ್ಪ, ನರಸಿಂಹರಾಜಪುರಗಳ ಹೆಸರು ದಶಕಗಳಿಂದ ಕೂಡಿಬಂದಿದೆ. ಸೋಗೆಯ ತುದಿಯಲ್ಲಿ ಹುಟ್ಟಿದ ಹಳದಿ ಮೆಲ್ಲನೆ ಒಳಗೆ ಹರಡುತ್ತದೆ. ಮರದ ತಲೆ ಕಿರಿದಾಗುತ್ತದೆ. ಕಾಯಿಯ ತಿರುಳು ಮೆದುವಾಗಿ ಕಪ್ಪಿಟ್ಟು ಮಾರುಕಟ್ಟೆಗೆ ಸಲ್ಲದಾಗುತ್ತದೆ. ಫೈಟೋಪ್ಲಾಸ್ಮಾ ಎಂಬ ಅತಿಸೂಕ್ಷ್ಮ ಜೀವಿ ಇದಕ್ಕೆ ಕಾರಣವೆಂದೂ, ರಸ ಹೀರುವ ಜಿಗಿಹುಳು ಅದನ್ನು ಮರದಿಂದ ಮರಕ್ಕೆ ಸಾಗಿಸುತ್ತದೆಂದೂ ವಿಜ್ಞಾನಿಗಳು ಗುರುತಿಸಿದ್ದಾರೆ. ರೋಗ ತಗುಲಿದ ಮರವನ್ನು ಗುಣಪಡಿಸುವ ಮದ್ದು ಇನ್ನೂ ಸಿಕ್ಕಿಲ್ಲ. ಈಚಿನ ವರ್ಷಗಳಲ್ಲಿ ಎಲೆಚುಕ್ಕೆ ರೋಗವೂ ಇದಕ್ಕೆ ಜೊತೆಯಾಗಿದೆ. ಅಡಿಕೆ ಸಸಿ ನೆಟ್ಟು ಫಲ ಕಾಣಲು ಐದಾರು ವರ್ಷ ಕಾಯಬೇಕು. ಆದ್ದರಿಂದ ಒಂದು ತೋಟ ಹೋಯಿತೆಂದರೆ ಒಂದು ತಲೆಮಾರಿನ ಬಾಳುವೆಯೇ ಸಡಿಲಿತೆಂದು ಅರ್ಥ. ಇಂಥ ಸ್ಥಿತಿಯಲ್ಲಿರುವ ಬೆಳೆಗಾರನು ವಿಜ್ಞಾನಿಯ ಬಾಯಿಂದ ಸಿಹಿಮಾತನ್ನು ಅಪೇಕ್ಷಿಸುವುದಿಲ್ಲ. ಈ ಮರ ಉಳಿಯುತ್ತದೆಯೆ ಇಲ್ಲವೆ, ಕಡಿಯಬೇಕೆ ಬಿಡಬೇಕೆ ಎಂಬ ನಿಷ್ಠುರವಾದ ಮಾತೇ ಅವನಿಗೆ ಬೇಕು. ಸುಳ್ಳು ಭರವಸೆ ಕೊಟ್ಟ ವಿಜ್ಞಾನಿಯನ್ನು ಅವನು ಎಂದಿಗೂ ಕ್ಷಮಿಸಲಾರ.

ಇನ್ನು ಎರಡನೆಯ ಮಾತು. ಫ್ರಾನ್ಸಿನ ಲಿಯೋನ್ ನಗರದಲ್ಲಿರುವ, ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ೧೯೮೫ರಲ್ಲಿ ತಾಂಬೂಲದ ವಿಷಯವನ್ನು ಮೊದಲು ವಿಚಾರಣೆಗೆ ತೆಗೆದುಕೊಂಡಿತು. ತಂಬಾಕು ಬೆರೆತ ತಾಂಬೂಲ ಕ್ಯಾನ್ಸರಿಗೆ ಕಾರಣವೆಂದು ಅದು ನಿರ್ಣಯಿಸಿತು. ತಂಬಾಕಿಲ್ಲದ ತಾಂಬೂಲದ ವಿಷಯದಲ್ಲಿ ಮಾತ್ರ ಸಾಕ್ಷ್ಯ ಸಾಲದೆಂದು ಒಪ್ಪಿಕೊಂಡಿತು. ಅಡಿಕೆ ನಿರಪರಾಧಿ, ತಂಬಾಕಿನ ಸಹವಾಸದಿಂದ ಅದಕ್ಕೆ ಕೆಟ್ಟ ಹೆಸರು ಬಂದಿದೆ ಎಂದು ಬೆಳೆಗಾರರು ಅಂದು ವಾದಿಸಿದ್ದರೆ ಆ ವಾದ ಅಸಂಗತವಾಗಿರಲಿಲ್ಲ. ಆದರೆ ಮುಂದೆ, ತಂಬಾಕು ಬೆರೆಸದೆಯೇ ಅಡಿಕೆ ಜಗಿಯುವ ತೈವಾನ್ ಮೊದಲಾದ ನಾಡುಗಳಿಂದ ಬಂದ ಅಧ್ಯಯನಗಳು ಕೂಡುತ್ತ ಹೋದವು. ೨೦೦೪ರಲ್ಲಿ ಪ್ರಕಟವಾದ ಅದೇ ಸಂಸ್ಥೆಯ ಸಂಪುಟದಲ್ಲಿ, ತಂಬಾಕಿಲ್ಲದ ತಾಂಬೂಲವೂ ಸ್ವತಃ ಅಡಿಕೆಯೂ ಮನುಷ್ಯನಲ್ಲಿ ಕ್ಯಾನ್ಸರನ್ನು ಉಂಟುಮಾಡುವ ಮೊದಲನೆಯ ವರ್ಗಕ್ಕೆ ಸೇರಿದವು. ೨೦೧೨ರಲ್ಲಿ ಆ ನಿರ್ಣಯ ಮತ್ತೆ ದೃಢಪಟ್ಟಿತು. ೨೦೨೪ರಲ್ಲಿ ಅದೇ ಸಂಸ್ಥೆಯ ವಿಜ್ಞಾನಿಗಳು ಪ್ರಕಟಿಸಿದ ಅಂದಾಜಿನಂತೆ, ೨೦೨೨ರಲ್ಲಿ ಜಗತ್ತಿನಲ್ಲಿ ಕಂಡ ಬಾಯಿಯ ಕ್ಯಾನ್ಸರಿನ ಸುಮಾರು ೧,೨೦,೨೦೦ ಪ್ರಕರಣಗಳು ಹೊಗೆರಹಿತ ತಂಬಾಕು ಅಥವಾ ಅಡಿಕೆಯಿಂದ ಬಂದವು. ಅವುಗಳಲ್ಲಿ ಸುಮಾರು ೮೩,೪೦೦ ಭಾರತದವು.

ದೇಶದಲ್ಲಿ ಅಡಿಕೆಯನ್ನು ಎಲ್ಲಕ್ಕಿಂತ ಹೆಚ್ಚು ಬೆಳೆಯುವ ರಾಜ್ಯ ಕರ್ನಾಟಕ. ಇಂಥ ನಿರ್ಣಯ ಬಂದಾಗ ಮಲೆನಾಡಿನ ಮನೆಗಳಲ್ಲಿ ತಳಮಳ ಹುಟ್ಟಿದ್ದು ಸಹಜ. ೨೦೧೩ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧವಾದಾಗ ಆ ತಳಮಳ ಇನ್ನಷ್ಟು ಬಲಿಯಿತು. ಅಂದಿನಿಂದ ವೇದಿಕೆಯ ಮೇಲೆ ನಿಂತ ಪ್ರತಿಯೊಬ್ಬ ನಾಯಕನೂ ಅಡಿಕೆಯ ಕಳಂಕವನ್ನು ಸಂಶೋಧನೆಯಿಂದಲೇ ತೊಳೆಯುತ್ತೇವೆಂದು ಮಾತು ಕೊಡುತ್ತ ಬಂದಿದ್ದಾನೆ. ಅಡಿಕೆಯ ಔಷಧೀಯ ಗುಣಗಳನ್ನು ಕಂಡುಹಿಡಿಯುವ ಕೆಲಸವನ್ನು ಬೆಂಗಳೂರಿನ ಖಾಸಗಿ ವಿಶ್ವವಿದ್ಯಾಲಯವೊಂದಕ್ಕೆ ವಹಿಸಿದ್ದೂ ಉಂಟು. ೨೦೨೫ರಲ್ಲಿ ಕೇಂದ್ರದ ಕಡೆಯಿಂದಲೂ, ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಮೂಲಕ ಅಡಿಕೆಯ ಪರಿಣಾಮಗಳ ಅಧ್ಯಯನ ನಡೆಯುವುದೆಂಬ ಆಶ್ವಾಸನೆ ಬಂದಿತು. ಅಧ್ಯಯನ ನಡೆಯಲಿ, ಅದರಲ್ಲಿ ತಪ್ಪೇನೂ ಇಲ್ಲ. ಅಧ್ಯಯನ ನಡೆಸುವ ವಿದ್ವಾಂಸರು ಅಪ್ರಾಮಾಣಿಕರೆಂದು ಶಂಕಿಸಲು ಕಾರಣವೂ ಇಲ್ಲ. ಶಂಕೆಗೆ ಎಡೆಮಾಡುವುದು ಆ ‘ತೊಳೆಯುತ್ತೇವೆ’ ಎಂಬ ಒಂದು ಮಾತು. ತೊಳೆಯುವುದು ಅಗಸನ ಕೆಲಸ; ಬಟ್ಟೆಯ ಮೇಲಿರುವುದು ಕೊಳೆಯೋ ಅದರ ಸ್ವಂತ ಬಣ್ಣವೋ ಎಂದು ನೋಡಿ ಹೇಳುವುದು ಪರೀಕ್ಷಕನ ಕೆಲಸ. ಪರೀಕ್ಷಕನನ್ನು ಕರೆಸಿ ಅವನ ಕೈಗೆ ಸಬಕಾರ ಕೊಟ್ಟರೆ ಅವನೇನು ಮಾಡಬೇಕು?

ಈ ಸೀಮೆಗೆ ಒಳ್ಳೆಯ ಸಂಶೋಧನೆಯ ಪರಿಚಯವಿಲ್ಲವೆಂದಲ್ಲ. ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿ ೧೯೦೮ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದರು. ಮಳೆಗಾಲದಲ್ಲಿ ಅಡಿಕೆಯ ಗೊನೆಗಳನ್ನು ಕೊಳೆಯಿಸಿ ಉದುರಿಸುತ್ತಿದ್ದ ಕೊಳೆರೋಗ ಅಂದು ಮಲೆನಾಡಿನ ದೊಡ್ಡ ಶಾಪವಾಗಿತ್ತು. ಗೊನೆಗೆ ಕೊಟ್ಟೆ ಕಟ್ಟಿ ಮಳೆಯಿಂದ ಮರೆಮಾಡುವುದೊಂದೇ ಬೆಳೆಗಾರರು ಬಲ್ಲ ಉಪಾಯ. ಆ ರೋಗಕ್ಕೆ ಕಾರಣ ಒಂದು ಬಗೆಯ ಶಿಲೀಂಧ್ರವೆಂದು ಕೋಲ್ಮನ್ ಪತ್ತೆಮಾಡಿ ೧೯೧೦ರಲ್ಲಿ ಪ್ರಕಟಿಸಿದರು. ಫ್ರಾನ್ಸಿನ ದ್ರಾಕ್ಷಿ ತೋಟಗಳಿಗಾಗಿ ೧೮೮೦ರ ದಶಕದಲ್ಲಿ ಬಳಕೆಗೆ ಬಂದಿದ್ದ ಬೋರ್ಡೋ ಮಿಶ್ರಣವನ್ನು ಅಡಿಕೆಯ ಗೊನೆಗೂ ಸಿಂಪಡಿಸಬೇಕೆಂದು ಸೂಚಿಸಿದರು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು: ಈ ಲೆಕ್ಕ ಇಂದಿಗೂ ಮಲೆನಾಡಿನ ಬೆಳೆಗಾರನಿಗೆ ಬಾಯಿಪಾಠ. ಕೋಲ್ಮನ್‌ರಿಗೆ ಸಂಬಳ ಕೊಟ್ಟದ್ದು ಸಂಸ್ಥಾನ. ಅಡಿಕೆಯ ಬೆಳೆ ಉಳಿದರೆ ಸಂಸ್ಥಾನಕ್ಕೂ ಲಾಭವಿತ್ತು. ಆದರೆ ರೋಗದ ಕಾರಣ ಇಂಥದೇ ಆಗಿರಬೇಕೆಂದು ಯಾರೂ ಅವರಿಗೆ ಕಟ್ಟುಮಾಡಲಿಲ್ಲ. ೧೯೨೫ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿಯ ಪ್ರಯೋಗಕೇಂದ್ರ ಹುಟ್ಟಿದ್ದೂ, ೧೯೫೬ರಲ್ಲಿ ವಿಟ್ಲದಲ್ಲಿ ಅಡಿಕೆಯ ಸಂಶೋಧನಾ ಕೇಂದ್ರ ಹುಟ್ಟಿದ್ದೂ ಇದೇ ಮಾರ್ಗದಲ್ಲಿ. ಬೆಳೆಗಾರರಿಗೆ ಉಪಯೋಗವಾಗಲೆಂಬ ಉದ್ದೇಶ ಅಲ್ಲಿ ಇತ್ತು. ಉಪಯೋಗ ಮತ್ತು ಅನುಕೂಲ ಎಂಬ ಎರಡು ಮಾತುಗಳ ನಡುವಣ ಅಂತರವೂ ಅಲ್ಲಿಯವರಿಗೆ ಗೊತ್ತಿತ್ತು.

ಅಂತರ ಅಳಿಸಿಹೋದಾಗ ಏನಾಗುತ್ತದೆಂಬುದಕ್ಕೆ ಹೊರನಾಡಿನ ನಿದರ್ಶನಗಳು ಬೇಕಾದಷ್ಟಿವೆ. ಅಮೆರಿಕದ ಸಕ್ಕರೆ ವ್ಯಾಪಾರಿಗಳ ಸಂಶೋಧನಾ ಪ್ರತಿಷ್ಠಾನವೊಂದು ೧೯೬೫ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಪೌಷ್ಟಿಕ ಶಾಸ್ತ್ರಜ್ಞರಿಂದ ಒಂದು ವಿಮರ್ಶಾಲೇಖನವನ್ನು ಬರೆಯಿಸಿತು. ಕೊಟ್ಟ ಹಣ ೬,೫೦೦ ಡಾಲರ್. ೧೯೬೭ರಲ್ಲಿ ಹೆಸರಾಂತ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಆ ಲೇಖನ ಪ್ರಕಟವಾಯಿತು. ಹೃದ್ರೋಗದ ಹೊಣೆಯನ್ನು ಅದು ಕೊಬ್ಬಿನ ಮೇಲೆ ಹೊರಿಸಿ ಸಕ್ಕರೆಯನ್ನು ಹಗುರವಾಗಿ ಬಿಟ್ಟುಬಿಟ್ಟಿತು. ಹಣ ಯಾರದೆಂಬುದನ್ನು ಅಲ್ಲಿ ತಿಳಿಸಿರಲಿಲ್ಲ. ಹಳೆಯ ಪತ್ರವ್ಯವಹಾರವನ್ನು ಶೋಧಿಸಿದ ಕ್ಯಾಲಿಫೋರ್ನಿಯದ ವಿದ್ವಾಂಸರು ಆ ಸಂಗತಿಯನ್ನು ಬಯಲಿಗೆ ತಂದದ್ದು ೨೦೧೬ರಲ್ಲಿ. ಅಷ್ಟು ಹೊತ್ತಿಗೆ ಅರ್ಧ ಶತಮಾನವೇ ಕಳೆದಿತ್ತು. ಆ ಲೇಖನದಲ್ಲಿ ಸುಳ್ಳು ಅಂಕಿ ಇತ್ತೆಂದು ಯಾರೂ ಹೇಳಲಿಲ್ಲ. ಯಾವ ಅಧ್ಯಯನವನ್ನು ಕಟುವಾಗಿ ಪರೀಕ್ಷಿಸಬೇಕು, ಯಾವುದನ್ನು ಮೃದುವಾಗಿ ನೋಡಬೇಕು ಎಂಬ ಆಯ್ಕೆಯಲ್ಲಿ ಹಣ ತನ್ನ ಕೆಲಸ ಮಾಡಿತ್ತು.

ಇನ್ನೊಂದು ಕಥೆ, ಇಂದು ಅನೇಕ ಮನೆಗಳಲ್ಲಿ ಬೆಳಗಿನ ಹೊತ್ತು ನುಂಗುವ ಥೈರಾಯಿಡ್ ಗುಳಿಗೆಯದು. ಸಿಂಥ್ರಾಯ್ಡ್ ಎಂಬ ದುಬಾರಿ ಗುಳಿಗೆಯನ್ನು ಮಾರುತ್ತಿದ್ದ ಬೂಟ್ಸ್ ಎಂಬ ಕಂಪನಿ, ತನ್ನ ಗುಳಿಗೆಯನ್ನು ಅಗ್ಗದ ಗುಳಿಗೆಗಳೊಡನೆ ಹೋಲಿಸಿ ನೋಡುವ ಕೆಲಸವನ್ನು ೧೯೮೭ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಬೆಟ್ಟಿ ಡಾಂಗ್ ಎಂಬ ವಿದುಷಿಗೆ ಒಪ್ಪಿಸಿತು. ತನ್ನದೇ ಮೇಲೆಂದು ತೀರ್ಪು ಬರುವುದೆಂಬ ನಂಬಿಕೆ ಕಂಪನಿಗಿತ್ತು. ಬಂದ ತೀರ್ಪು ಬೇರೆ: ಎಲ್ಲ ಗುಳಿಗೆಗಳೂ ಸಮಾನ. ಕಂಪನಿಯ ಲಿಖಿತ ಒಪ್ಪಿಗೆಯಿಲ್ಲದೆ ಫಲಿತಾಂಶವನ್ನು ಪ್ರಕಟಿಸಕೂಡದೆಂಬ ಒಂದು ಸಾಲು ಕರಾರುಪತ್ರದಲ್ಲಿ ಇತ್ತು. ೧೯೯೫ರಲ್ಲಿ ಪತ್ರಿಕೆಯಲ್ಲಿ ಇನ್ನೇನು ಅಚ್ಚಾಗಬೇಕೆನ್ನುವಷ್ಟರಲ್ಲಿ ಲೇಖನವನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಕೊನೆಗೆ ಅದು ಪ್ರಕಟವಾದದ್ದು ೧೯೯೭ರಲ್ಲಿ. ನಡುವಣ ವರ್ಷಗಳಲ್ಲಿ ಲಕ್ಷಾಂತರ ರೋಗಿಗಳು ಅನಾವಶ್ಯಕವಾಗಿ ಹೆಚ್ಚು ಬೆಲೆ ತೆತ್ತರು. ಇಲ್ಲಿ ವಿದುಷಿಯ ಪ್ರಾಮಾಣಿಕತೆಗೆ ಕುಂದಿರಲಿಲ್ಲ. ಕುಂದಿದ್ದುದು ಕರಾರಿನ ಒಂದು ಸಾಲಿನಲ್ಲಿ.

ಈ ಕಥೆಗಳು ಕನ್ನಡನಾಡಿಗೆ ಸಂಬಂಧಿಸಿದವಲ್ಲವೆಂದು ಯಾರೂ ನೆಮ್ಮದಿಯಿಂದ ಇರಬೇಕಾಗಿಲ್ಲ. ಕುಲಾಂತರಿ ಬದನೆಯನ್ನು ಬೆಳೆಸುವ ಯೋಜನೆಯೊಂದರಲ್ಲಿ ೨೦೦೫ರಲ್ಲಿ ಧಾರವಾಡದ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯವು ಮಹಿಕೊ ಎಂಬ ಬೀಜದ ಕಂಪನಿಯೊಡನೆಯೂ, ಯೋಜನೆಯನ್ನು ನಡೆಸಿಕೊಡುತ್ತಿದ್ದ ಸದ್ಗುರು ಎಂಬ ಸಲಹಾ ಸಂಸ್ಥೆಯೊಡನೆಯೂ ಒಪ್ಪಂದ ಮಾಡಿಕೊಂಡಿತು. ಬಡ ರೈತನಿಗೆ ಅಗ್ಗವಾಗಿ ಬೀಜ ದೊರೆಯಲಿ ಎಂಬ ಸದುದ್ದೇಶ ಆ ಯೋಜನೆಗೆ ಇತ್ತೆಂಬುದನ್ನು ಮರೆಯಬಾರದು. ಆದರೆ ಅದಕ್ಕಾಗಿ ಬಳಸಿದ ತಳಿಗಳು ಈ ನಾಡಿನ ರೈತರು ತಲೆತಲಾಂತರದಿಂದ ಕಾಪಾಡಿಕೊಂಡು ಬಂದ ಸ್ಥಳೀಯ ಬದನೆಗಳು. ಅವುಗಳನ್ನು ಬಳಸುವ ಮೊದಲು ೨೦೦೨ರ ಜೀವವೈವಿಧ್ಯ ಕಾಯಿದೆಯಂತೆ ಒಪ್ಪಿಗೆ ಪಡೆಯಲಿಲ್ಲವೆಂದು ಬೆಂಗಳೂರಿನ ಒಂದು ಪರಿಸರ ಸಂಸ್ಥೆ ೨೦೧೦ರ ಫೆಬ್ರವರಿಯಲ್ಲಿ ದೂರು ಕೊಟ್ಟಿತು. ಅದೇ ತಿಂಗಳ ೯ರಂದು ಕೇಂದ್ರದ ಪರಿಸರ ಸಚಿವರಾಗಿದ್ದ ಜೈರಾಮ್ ರಮೇಶರು ಕುಲಾಂತರಿ ಬದನೆಯ ಬಿಡುಗಡೆಯನ್ನು ತಡೆಹಿಡಿದರು. ೨೦೧೧ರಲ್ಲಿ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರವು ಕಾನೂನು ಕ್ರಮಕ್ಕೆ ನಿರ್ಧರಿಸಿತು. ವ್ಯಾಜ್ಯದ ಜಯಾಪಜಯ ಅತ್ತ ಇರಲಿ. ರೈತನು ತನ್ನ ಬೀಜವನ್ನು ವಿಶ್ವವಿದ್ಯಾಲಯದ ಕೈಯಲ್ಲಿಟ್ಟಾಗ ಅದು ಸಾರ್ವಜನಿಕರ ಉಗ್ರಾಣವೆಂದು ನಂಬಿ ಇಟ್ಟಿರುತ್ತಾನೆ. ಉಗ್ರಾಣದ ಬೀಗದ ಕೈ ಯಾವ ಕರಾರಿನ ಮೂಲಕ ಯಾರ ಕೈ ಸೇರುತ್ತದೆಂಬುದನ್ನು ಅವನಿಗೆ ಮೊದಲೇ ತಿಳಿಸಬೇಕಾಗಿತ್ತಲ್ಲವೆ?

ಹಾಗಾದರೆ ವ್ಯಾಪಾರದ ಹಣವೇ ವಿದ್ಯಾಲಯಕ್ಕೆ ನಿಷಿದ್ಧವೆ? ಹಾಗೆನ್ನುವುದು ಅತಿರೇಕವಾದೀತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ೧೯೦೯ರಲ್ಲಿ ಹುಟ್ಟಿದ್ದು ಜಮಶೇಟ್ಜಿ ಟಾಟಾ ಎಂಬ ವ್ಯಾಪಾರಿಯ ಸಂಕಲ್ಪದಿಂದ, ಅವರ ದಾನದಿಂದ, ಮೈಸೂರು ಸಂಸ್ಥಾನವಿತ್ತ ೩೭೧ ಎಕರೆ ಭೂಮಿಯಲ್ಲಿ. ಟಾಟಾ ಅವರು ಅದನ್ನು ಕಣ್ಣಾರೆ ಕಾಣಲಿಲ್ಲ, ೧೯೦೪ರಲ್ಲಿಯೇ ತೀರಿಕೊಂಡರು. ಇಂಥದೇ ಫಲ ಬರಬೇಕೆಂದು ಕೇಳುವುದಕ್ಕೆ ದಾನಿಯೇ ಇಲ್ಲದಿದ್ದುದು ಆ ಸಂಸ್ಥೆಯ ಭಾಗ್ಯವೆಂದು ವಿನೋದವಾಗಿ ಹೇಳಬಹುದು. ಆದರೆ ಬದುಕಿದ್ದರೂ ಅವರು ಕೇಳುತ್ತಿದ್ದರೆಂದು ನಂಬಲು ಆಧಾರವಿಲ್ಲ. ಮರ ನೆಟ್ಟು ನೀರೆರೆದು, ಹಣ್ಣಿನ ರುಚಿಯನ್ನು ಮರಕ್ಕೇ ಬಿಡುವುದು ದಾನ. ಹಣ್ಣು ಇಂಥ ರುಚಿಯದೇ ಆಗಿರಬೇಕೆಂದು ಕರಾರು ಬರೆಸಿಕೊಂಡು ನೀರೆರೆಯುವುದು ವ್ಯಾಪಾರ. ಮುಂದಿನ ದಿನಗಳಲ್ಲಿ ಈ ವಿವೇಕ ಇನ್ನೂ ಹೆಚ್ಚು ಬೇಕಾಗುತ್ತದೆ. ೨೦೨೩ರ ಕಾಯಿದೆಯಿಂದ ಸ್ಥಾಪಿತವಾದ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನವು ಐದು ವರ್ಷಗಳಲ್ಲಿ ಸಂಶೋಧನೆಗೆ ೫೦,೦೦೦ ಕೋಟಿ ರೂಪಾಯಿ ಒದಗಿಸಬೇಕೆಂದೂ, ಅದರ ಬಹುಪಾಲು ಸರ್ಕಾರದ ಹೊರಗಿನ ಮೂಲಗಳಿಂದ ಬರಬೇಕೆಂದೂ ಆಗ ಅಂದಾಜು ಮಾಡಲಾಗಿತ್ತು. ವಿದ್ಯಾಲಯದ ಬಾಗಿಲಿಗೆ ವರ್ತಕರು ಬರುವ ಕಾಲ ಬಂದಾಯಿತು. ಬಾಗಿಲಲ್ಲಿ ನಿಂತು ಅವರನ್ನು ಏನೆಂದು ಕೇಳಬೇಕೆಂಬುದೊಂದೇ ಈಗ ಉಳಿದಿರುವ ಪ್ರಶ್ನೆ.

ಸಿರಿಮನೆಯ ಸುತ್ತಿನ ಒಂದು ಮನೆಯನ್ನು ವಾಚಕರು ಕಲ್ಪಿಸಿಕೊಳ್ಳಲಿ. ಅಜ್ಜ ಕಟ್ಟಿದ ಎರಡು ಎಕರೆ ತೋಟ. ಕೆಳಗಿನ ಅಂಚಿನಿಂದ ಹಳದಿ ಏರಿಬರುತ್ತಿದೆ. ಮನೆಯ ಮಗಳು ಶಿವಮೊಗ್ಗದಲ್ಲಿಯೋ ಬೆಂಗಳೂರಿನಲ್ಲಿಯೋ ವಿಜ್ಞಾನದಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ. ಅವಳ ಶುಲ್ಕ ಸಂದಾಯವಾದದ್ದು ಅಡಿಕೆಯ ಹಣದಿಂದ. ಒಂದು ದಿನ ಅವಳ ವಿಭಾಗಕ್ಕೆ ಅಡಿಕೆಯ ಹಿತಚಿಂತಕರಿಂದ ಒಂದು ಯೋಜನೆ ಬರುತ್ತದೆ. ಒಳ್ಳೆಯ ಸಹಾಯಧನ, ಹೊಸ ಉಪಕರಣ, ಎರಡು ವರ್ಷದ ಶಿಷ್ಯವೇತನ. ಅಡಿಕೆಯ ಸಾರದಲ್ಲಿ ಗುಣಕಾರಿಯಾದ ಅಂಶಗಳನ್ನು ಹುಡುಕಬೇಕು. ಹುಡುಕಿದರೆ ಸಿಕ್ಕದೆ ಇರಲಾರದು. ಯಾವ ಕಾಯಿಯ ಸಾರವನ್ನು ಗಾಜಿನ ಬಟ್ಟಲಲ್ಲಿ ಪರೀಕ್ಷಿಸಿದರೂ ಏನಾದರೊಂದು ಒಳ್ಳೆಯ ಗುಣ ಕಾಣಿಸೀತು. ಅವಳು ಪ್ರಾಮಾಣಿಕಳಾಗಿಯೇ ಅದನ್ನು ಬರೆದಾಳು. ಮರುದಿನ ಪತ್ರಿಕೆಯಲ್ಲಿ ಅಡಿಕೆ ಆರೋಗ್ಯಕ್ಕೆ ಹಿತಕರವೆಂದು ತಲೆಬರಹ ಬಂದೀತು. ಊರಿನಲ್ಲಿ ತಂದೆ ಅದನ್ನು ಓದಿ ಹಿಗ್ಗಿಯಾರು. ಆದರೆ ಬಾಯಿ ಪೂರ್ತಿ ತೆರೆಯಲಾಗದೆ, ಖಾರ ತಾಕಿದರೆ ಉರಿಯುವ ಒಳಗೆನ್ನೆಯೊಡನೆ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತ ಎಲ್ಲಿಯೋ ದೂರದ ಒಬ್ಬ ಯುವಕನ ಪ್ರಶ್ನೆಯನ್ನು ಆ ಯೋಜನೆ ಕೇಳಿಯೇ ಇರಲಿಲ್ಲ. ಅವಳು ಬರೆದುದು ಒಂದೊಂದೂ ನಿಜ; ಒಟ್ಟಾಗಿ ಹೇಳಿದ ಮಾತು ಮಾತ್ರ ನಿಜವಲ್ಲ.

ಇದಕ್ಕಿಂತ ಕಠಿಣವಾದ ಸಂಗತಿ ಇನ್ನೊಂದುಂಟು. ಅದೇ ಮಗಳು ಮರುವರ್ಷ ಹಳದಿ ರೋಗದ ವಿಷಯದಲ್ಲಿ, ಇಂಥ ತಳಿ ರೋಗವನ್ನು ತಾಳಿಕೊಳ್ಳುತ್ತದೆಂದು ವರದಿ ಕೊಟ್ಟರೆ ತಂದೆ ಅದನ್ನು ನಂಬಿ ಸಸಿ ನೆಡಬೇಕೆ? ಕೇಳಿದವರಿಗೆ ಬೇಕಾದ ಫಲವನ್ನು ಒಮ್ಮೆ ಕೊಟ್ಟ ಪ್ರಯೋಗಶಾಲೆ, ಸಸಿ ಮಾರುವವನಿಗೆ ಬೇಕಾದ ಫಲವನ್ನು ಇನ್ನೊಮ್ಮೆ ಕೊಡದೆಂದು ಯಾವ ಭರವಸೆ? ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂಬ ಗಾದೆ ಕನ್ನಡಿಗರಿಗೆಲ್ಲ ಗೊತ್ತಿದ್ದದ್ದೇ. ಸಣ್ಣ ಲಾಭಕ್ಕಾಗಿ ಕಳೆದುಕೊಂಡ ನಂಬಿಕೆಯನ್ನು ಎಷ್ಟು ದೊಡ್ಡ ಸಹಾಯಧನವೂ ಮರಳಿ ತರಲಾರದೆಂಬುದು ವಿಶ್ವವಿದ್ಯಾಲಯಗಳ ಮಟ್ಟಿಗೆ ಅಕ್ಷರಶಃ ಸತ್ಯ. ಆ ನಂಬಿಕೆ ಹೋದಂದು ಮೊದಲು ಕೆಡುವವನು ಅಂಗಡಿಯವನಲ್ಲ, ತೋಟದವನು.

ಬೆಳೆಗಾರನಿಗೆ ಈ ತತ್ತ್ವವನ್ನು ಹೊಸದಾಗಿ ಬೋಧಿಸಬೇಕಾಗಿಯೂ ಇಲ್ಲ. ಕೊಳ್ಳುವವನ ಕೈಯಲ್ಲಿಯೇ ತಕ್ಕಡಿಯಿದ್ದರೆ ಏನಾಗುತ್ತದೆಂಬುದು ಅವನಿಗೆ ಅನುಭವದಿಂದ ಗೊತ್ತು. ರಾಶಿ, ಬೆಟ್ಟೆ, ಗೊರಬಲು, ಹಸ ಎಂದು ವಿಂಗಡಿಸಿ, ಬೆವರಿನ ಬೆಳೆಯನ್ನು ಮಂಡಿಗೆ ಒಯ್ದು, ಅಲ್ಲಿ ಇತರರು ಹೇಳಿದ ತೂಕಕ್ಕೂ ಇತರರು ಹೇಳಿದ ದರಕ್ಕೂ ತಲೆಯಾಡಿಸಿ ಬಂದ ಕಾಲವಿತ್ತು. ಅದರಿಂದ ಪಾರಾಗುವುದಕ್ಕೆಂದೇ ೧೯೩೯ರಲ್ಲಿ ಶಿವಮೊಗ್ಗದಲ್ಲಿ ಮಲೆನಾಡಿನ ಅಡಿಕೆ ಬೆಳೆಗಾರರ ಮಾರಾಟ ಸಹಕಾರ ಸಂಘ ಹುಟ್ಟಿತು. ೧೯೭೩ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿತು. ತಕ್ಕಡಿ ನಂಬತಕ್ಕವರ ಕೈಯಲ್ಲಿರಬೇಕು ಎಂಬುದು ಆ ಹೋರಾಟದ ಸಾರ. ವಿಶ್ವವಿದ್ಯಾಲಯವೂ ಒಂದು ತಕ್ಕಡಿಯೇ. ಕೊಳ್ಳುವವನ ಕಡೆಗೆ ವಾಲಿದ ತಕ್ಕಡಿಯನ್ನು ವಿರೋಧಿಸಿ ಗೆದ್ದವರು ತಮ್ಮ ಕಡೆಗೆ ವಾಲುವ ತಕ್ಕಡಿಯನ್ನು ಬೇಡುವುದು ಅವರ ಇತಿಹಾಸಕ್ಕೆ ಒಪ್ಪುವ ಮಾತಲ್ಲ.

ತಕ್ಕಡಿಯನ್ನು ನೆಟ್ಟಗಿಡುವ ಉಪಾಯಗಳು ಗುಟ್ಟಿನವೇನೂ ಅಲ್ಲ. ೨೦೦೧ರಲ್ಲಿ ಲೋಕದ ಪ್ರಮುಖ ವೈದ್ಯಕೀಯ ಪತ್ರಿಕೆಗಳ ಸಂಪಾದಕರು ಒಟ್ಟಾಗಿ, ಪ್ರಕಟಣೆಯ ಸ್ವಾತಂತ್ರ್ಯವಿಲ್ಲದ ಸಂಶೋಧನೆಯನ್ನು ತಾವು ಅಚ್ಚುಹಾಕಲಾರೆವೆಂದು ಸಾರಿದರು. ಆ ಮಾತಿನ ಹಿಂದಿರುವ ವಿವೇಕವನ್ನು ಅಡಿಕೆಗೆ ಅನ್ವಯಿಸುವುದು ಕಷ್ಟವಲ್ಲ. ಹಣ ಬೆಳೆಗಾರರದಾಗಲಿ ಸರ್ಕಾರದ್ದಾಗಲಿ, ಅದು ಒಬ್ಬ ಅಧ್ಯಾಪಕನ ಹೆಸರಿಗೆ ಬಾರದೆ ಒಂದು ಸಾಮಾನ್ಯ ನಿಧಿಗೆ ಸೇರಲಿ. ಕೇಳಬೇಕಾದ ಪ್ರಶ್ನೆಯನ್ನು ಅಡಿಕೆಯ ಲಾಭನಷ್ಟಗಳೆರಡಕ್ಕೂ ಹೊರಗಿನವರು ರೂಪಿಸಲಿ. ಅವರಲ್ಲಿ ಬಾಯಿಯ ಕ್ಯಾನ್ಸರಿಗೆ ಚಿಕಿತ್ಸೆ ಮಾಡುವ ವೈದ್ಯನೂ ಇರಲಿ. ಫಲ ಸಿಹಿಯಾಗಲಿ ಕಹಿಯಾಗಲಿ ಪ್ರಕಟವಾಗಲೇಬೇಕೆಂದು ಕರಾರಿನ ಮೊದಲ ಸಾಲಿನಲ್ಲಿಯೇ ಬರೆದಿರಲಿ. ಹಣ ಯಾರದೆಂದು ಲೇಖನದ ಮೇಲೆ ನಮೂದಾಗಲಿ. ವಿದ್ವತ್ಪತ್ರಿಕೆಯಲ್ಲಿ ಇತರ ವಿದ್ವಾಂಸರು ಪರೀಕ್ಷಿಸಿ ಒಪ್ಪುವ ಮೊದಲು ವೇದಿಕೆಯ ಮೇಲಿನಿಂದ ಫಲ ಘೋಷಣೆಯಾಗದಿರಲಿ. ಇಷ್ಟು ನಡೆದರೆ ಅಡಿಕೆಯ ಪರವಾಗಿ ಬಂದ ಮಾತಿಗೂ ಜಗತ್ತಿನಲ್ಲಿ ಬೆಲೆ ಬಂದೀತು. ನಡೆಯದಿದ್ದರೆ ನಿಜವಾಗಿಯೂ ಅಡಿಕೆಯ ಪರವಾಗಿರುವ ಸಂಗತಿಯನ್ನು ಸಹ ಲೋಕ ನಂಬಲಾರದು.

ಪ್ರಾಮಾಣಿಕವಾಗಿ ಕೇಳಬಹುದಾದ ಪ್ರಶ್ನೆಗಳೂ ಕಡಿಮೆಯಿಲ್ಲ. ಊಟದ ನಂತರ ಒಮ್ಮೆ ಹಾಕುವ ತಾಂಬೂಲಕ್ಕೂ, ದಿನವೆಲ್ಲ ದವಡೆಯಲ್ಲಿ ಒತ್ತಿಟ್ಟುಕೊಳ್ಳುವ ಪೊಟ್ಟಣದ ಪುಡಿಗೂ ಅಪಾಯದಲ್ಲಿ ಎಷ್ಟು ವ್ಯತ್ಯಾಸ? ಬೇಯಿಸುವ, ಒಣಗಿಸುವ ಕ್ರಮದಿಂದ ಏನಾದರೂ ಬದಲಾಗುತ್ತದೆಯೆ? ಬಟ್ಟೆಗೆ ಬಣ್ಣ ಕೊಡುವ ಅಡಿಕೆಯ ಚೊಗರಿನಂತೆ, ಬಾಯಿಗೆ ಹಾಕದ ಬಳಕೆಗಳು ಇನ್ನೆಷ್ಟು ಸಾಧ್ಯ? ರೋಗ ಬಂದ ತೋಟದ ನಡುವೆ ಕಾಫಿ, ಮೆಣಸು, ಬೇರೆ ಬೆಳೆಗಳನ್ನು ಹೇಗೆ ನಿಲ್ಲಿಸಬಹುದು? ಈ ಪ್ರಶ್ನೆಗಳಲ್ಲಿ ಯಾವುದಕ್ಕೂ ಉತ್ತರವನ್ನು ಮೊದಲೇ ಬರೆದಿಟ್ಟಿಲ್ಲ. ಆದ್ದರಿಂದಲೇ ಅವುಗಳಿಂದ ಬೆಳೆಗಾರನಿಗೆ ನಿಜವಾದ ಪ್ರಯೋಜನವಾದೀತು. ನೆಲ ಜಾರುತ್ತಿರುವ ಮನೆಗೆ ಮುಂದೆ ಕಾಲೂರಲು ಒಂದು ಮೆಟ್ಟಿಲು ಸಿಕ್ಕೀತು.

ಪಟ್ಟಣದ ವಾಚಕರಿಗೂ ಇದರಲ್ಲಿ ಒಂದು ಪಾಲಿದೆ. ಇಂಥದು ಹೃದಯಕ್ಕೆ ಒಳ್ಳೆಯದು, ಇಂಥದು ಮೂಳೆಗೆ ಬಲ, ಇಂಥದು ಮಕ್ಕಳ ಬುದ್ಧಿಗೆ ಹಿತ ಎಂದು ಸಂಶೋಧನೆಯ ಹೆಸರು ಹೊತ್ತ ಸುದ್ದಿಗಳು ದಿನವೂ ಮನೆಯ ಬಾಗಿಲಿಗೆ ಬರುತ್ತವೆ. ಕಾಫಿಯ ಲೋಟ ಕೆಳಗಿಟ್ಟು ಮೂರು ಪ್ರಶ್ನೆ ಕೇಳುವ ಅಭ್ಯಾಸ ಬೆಳೆದರೆ ಸಾಕು. ಹಣ ಯಾರದು? ಪ್ರಶ್ನೆ ಯಾರದು? ಉತ್ತರ ಬೇರೆಯಾಗಿ ಬಂದಿದ್ದರೂ ಅದು ಅಚ್ಚಾಗುತ್ತಿತ್ತೆ? ಮೂರಕ್ಕೂ ಸಮಾಧಾನ ಸಿಕ್ಕಿದರೆ ಆ ಸುದ್ದಿಯನ್ನು ಮನೆಯೊಳಗೆ ಬಿಟ್ಟುಕೊಳ್ಳಬಹುದು. ಸಿಕ್ಕದಿದ್ದರೆ, ಅದನ್ನು ಹೇಳಿದವನು ಎಷ್ಟೇ ದೊಡ್ಡ ಪದವೀಧರನಾದರೂ, ಎಷ್ಟೇ ಹತ್ತಿರದ ನಂಟನಾದರೂ, ಜಗಲಿಯ ಮೇಲೆ ಕುಳ್ಳಿರಿಸಿ ಮರ್ಯಾದೆಯಿಂದ ನೀರು ಕೊಟ್ಟು ಕಳಿಸುವುದೇ ಲೇಸು.